ಹಿಟ್ಟೈಟರ ಬೆಟ್ಟದ ದೇವರು: ಯಾರ ಕಾಲ ಕೆಳಗೆ ಯಾರು?

ಹಿಟ್ಟೈಟರು ಅಂದರೆ ಮೂರು ಸಾವಿರ ವರ್ಷಕ್ಕೂ ಹಿಂದೆ ಈಗಿನ ಟರ್ಕಿಯಲ್ಲಿ ಆಳಿದವರು. ಅವರ ಲೆಕ್ಕದಲ್ಲಿ ನಾಡು ಅರಸನದ್ದಲ್ಲ, ಸಿಡಿಲಿನ ದೇವರದ್ದು. ಅರಸ ಆ ದೇವರ ಪರವಾಗಿ ನೋಡಿಕೊಳ್ಳುವವನು ಅಷ್ಟೇ. ಬೆಟ್ಟಗಳೂ ದೇವರೇ. ಒಪ್ಪಂದ ಮಾಡಿಕೊಳ್ಳುವಾಗ ನದಿ, ಚಿಲುಮೆಗಳ ಜೊತೆ ಅವನ್ನೂ ಸಾಕ್ಷಿಗೆ ಕರೆಯುತ್ತಿದ್ದರು. ವಸಂತದ ದೊಡ್ಡ ಹಬ್ಬದಲ್ಲಿ ಅರಸ ಪಿಸ್ಕುರುನುವ ಬೆಟ್ಟಕ್ಕೂ ಪೂಜೆ ಸಲ್ಲಿಸಬೇಕಿತ್ತು. ಇಲ್ಲಿಯವರೆಗೆ ಕಷ್ಟವೇನಿಲ್ಲ.

ತಲೆ ಕೆಡುವುದು ಯಾಜಿಲಿಕಾಯಾದಲ್ಲಿ. ಇದು ಈಗಿನ ಟರ್ಕಿಯಲ್ಲಿದೆ, ಅವರ ರಾಜಧಾನಿ ಹತ್ತುಶದ ಪಕ್ಕದಲ್ಲೇ. ಕ್ರಿ.ಪೂ. 13ನೇ ಶತಮಾನದ, ಮೇಲ್ಛಾವಣಿ ಇಲ್ಲದ ಬಂಡೆಗುಡಿ. ಅಲ್ಲಿ ಒಂದೇ ಕೋಣೆಯ ಕೆತ್ತನೆಗಳಲ್ಲಿ ಬೆಟ್ಟ ಮೂರು ಥರ ಬರುತ್ತದೆ.

ಮೊದಲನೆಯದು, ಸಿಡಿಲಿನ ದೇವರು ತೆಶುಬ್‌ನ ಕಾಲ ಕೆಳಗೆ. ಅಲ್ಲಿರುವವರು ನಮ್ನಿ, ಹಜ್ಜಿ ಎಂಬ ಇಬ್ಬರು ಬೆಟ್ಟದ ದೇವರು. ಗಡ್ಡ, ಚೂಪು ಟೋಪಿ, ಸೊಂಟದ ಕೆಳಗೆ ಬೆಟ್ಟದ ಬಂಡೆಗಳಂತೆ ಉಬ್ಬುಬ್ಬಾದ ಲಂಗ. ತೆಶುಬ್ ಅವರ ಕತ್ತಿನ ಮೇಲೇ ನಿಂತಿದ್ದಾನೆ, ಭಾರಕ್ಕೆ ಇಬ್ಬರೂ ತಲೆ ಬಾಗಿಸಿದ್ದಾರೆ. ಹಜ್ಜಿ ಕಲ್ಪನೆಯ ಬೆಟ್ಟವಲ್ಲ. ಟರ್ಕಿ-ಸಿರಿಯಾ ಗಡಿಯಲ್ಲಿ ಸಮುದ್ರದ ಪಕ್ಕ ಇವತ್ತಿಗೂ ಇದೆ, ಹೆಸರು ಜಬಲ್ ಅಕ್ರಾ.

ಎರಡನೆಯದು, ನಾಲ್ಕನೇ ತುಧಲಿಯನ ಕಾಲ ಕೆಳಗೆ. ಈ ಅರಸನೂ ಎರಡು ಬೆಟ್ಟಗಳ ಮೇಲೆ ನಿಂತಿದ್ದಾನೆ. ಹಾಗಾದರೆ ಅವನು ತೆಶುಬ್‌ಗೆ ಸಮಾನನಾ? ಪಾದದ ಹತ್ತಿರ ನೋಡಿ. ಇಲ್ಲಿ ಮುಖ ಇಲ್ಲ, ಗಡ್ಡ ಇಲ್ಲ. ಬರೀ ಎರಡು ಶಿಖರ. ದೇವರನ್ನು ಹೊರುವವರು ದೇವರು, ಅರಸನನ್ನು ಹೊರುವುದು ಬೆಟ್ಟ. ಒಂದು ಮೆಟ್ಟಿಲು ಕಡಿಮೆ, ಆದರೆ ಏಣಿ ಅದೇ.

ಮೂರನೆಯದು, ಅರಸನ ಕೈ ಮೇಲೆ. ಅಲ್ಲಿ ರೆಕ್ಕೆಯ ಸೂರ್ಯನ ಕೆಳಗೆ ಪುಟ್ಟದೊಂದು ಬೆಟ್ಟದ ದೇವರು ಇದೆ. ಇದು ಪೂಜೆಯ ಮೂರ್ತಿ ಅಲ್ಲ, ಅರಸನ ಹೆಸರು! ತುಧಲಿಯ ಎಂಬುದು ಒಂದು ಬೆಟ್ಟದ ಹೆಸರೂ ಹೌದು, ಅದಕ್ಕೇ ಚಿತ್ರಲಿಪಿಯಲ್ಲಿ ಹಾಗೆ ಬರೆದಿದ್ದಾರೆ. ಈ ಮೂರನ್ನು ಬೇರೆ ಮಾಡಿಕೊಳ್ಳದಿದ್ದರೆ ಮುಂದಿನದೆಲ್ಲ ಕಲಸುಮೇಲೋಗರ.

ನನ್ನ ಸುಲಭ ದಾರಿ: ಮೊದಲು ಪಾದ, ಆಮೇಲೆ ಟೋಪಿ. ಚೂಪು ಟೋಪಿ ಕಂಡರೆ ಸಾಮಾನ್ಯವಾಗಿ ದೇವರು. ತಲೆಗಂಟಿದ ಗುಂಡು ಟೋಪಿ, ಉದ್ದ ನಿಲುವಂಗಿ, ತುದಿ ಸುರುಳಿಯಾದ ಕೋಲು ಇದ್ದರೆ ಅರಸ. ಒಂದೇ ತೊಡಕು, ಆಕಾಶದ ಸೂರ್ಯದೇವನ ವೇಷವೂ ಇದೇ. ಅವನ ತಲೆ ಮೇಲೆ ರೆಕ್ಕೆಯ ಸೂರ್ಯ ಇರುತ್ತದೆ, ಅದನ್ನು ಹುಡುಕಿ. ಅರಸನನ್ನು 'ನನ್ನ ಸೂರ್ಯ' ಎಂದು ಕರೆಯುತ್ತಿದ್ದರಲ್ವಾ, ವೇಷ ಒಂದೇ ಆಗಿರುವುದು ಸುಮ್ನೆ ಅಲ್ಲ. ಆದರೆ 'ದೇವರಾದ' ಎನ್ನುತ್ತಿದ್ದುದು ಅರಸ ಸತ್ತ ಮೇಲೆ.

ಇಷ್ಟೆಲ್ಲ ಯಾಕೆ ಕೆತ್ತಿಸಬೇಕಿತ್ತು? ಸಿಂಹಾಸನ ಅಷ್ಟು ಭದ್ರವಾಗಿರಲಿಲ್ಲ. ತುಧಲಿಯನ ಅಪ್ಪ ಮೂರನೇ ಹತ್ತುಸಿಲಿ ತನ್ನ ಅಣ್ಣನ ಮಗ ಉರ್ಹಿ-ತೆಶುಬ್‌ನಿಂದ ಪಟ್ಟ ಕಿತ್ತುಕೊಂಡವನು. ತುಧಲಿಯನಿಗೆ ಯುವರಾಜ ಪಟ್ಟ ಸಿಕ್ಕಿದ್ದೂ ಅವನ ಅಣ್ಣನನ್ನು ಇಳಿಸಿದ ಮೇಲೆ. ಉರ್ಹಿ-ತೆಶುಬ್‌ನ ತಮ್ಮ ಕುರುಂತ ಬೇರೆ, ದಕ್ಷಿಣದ ತರ್ಹುಂತಸ್ಸ ಎಂಬ ಸೀಮೆಯಲ್ಲಿ ಆಳುತ್ತಿದ್ದ. ಅವನ ಜೊತೆ ತುಧಲಿಯ ಮಾಡಿಕೊಂಡ ಒಪ್ಪಂದದ ಕಂಚಿನ ಹಲಗೆ 1986ರಲ್ಲಿ ಹತ್ತುಶದಲ್ಲೇ ಸಿಕ್ಕಿತು. ಅಷ್ಟಾದರೂ ಟರ್ಕಿಯ ಕೊನ್ಯಾ ಹತ್ತಿರದ ಹತಿಪ್ ಬಂಡೆಯಲ್ಲಿ ಕುರುಂತ ತನ್ನನ್ನು 'ಮಹಾರಾಜ' ಎಂದೇ, ಅಂದರೆ ಹತ್ತುಶದ ದೊರೆಯ ಬಿರುದಿನಲ್ಲೇ, ಬರೆಸಿಕೊಂಡಿದ್ದಾನೆ.