ಬೆಲೆ ಕೇಳುವ ಮೊದಲು ಮೀಟರ್ ಕೇಳುವ ಊರು

ಬಾಗಲಕೋಟೆಯ ನವನಗರದಲ್ಲಿರುವ ನಮ್ಮ ಮನೆಗೆ ಈಗ ಇಪ್ಪತ್ತೈದು ವರ್ಷ. ಅದರ ತಲಬಾಗಿಲಿಗೆ ನೂರು ದಾಟಿದೆ. ಹಳೆ ಬಾಗಲಕೋಟೆಯ ಮಾಳಿಗೆ ಮನೆ ಆಲಮಟ್ಟಿ ಹಿನ್ನೀರಿನ ಮುಳುಗಡೆಗೆ ಹೋದಾಗ ಅಪ್ಪ ಕಿತ್ತು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ತಂದದ್ದರಲ್ಲಿ ಆ ಬಾಗಿಲೂ ಒಂದು. ಜೊತೆಗೆ ನಾಲ್ಕು ಸಾಗವಾನಿ ಕಂಬ, ಒಂದಿಷ್ಟು ಜಂತಿ, ಅಡುಗೆಮನೆಯ ಒರಳುಕಲ್ಲು. ಬಾಗಿಲು ಗಿಡ್ಡ. ಹೊಸಬರು ಯಾರೇ ಬಂದರೂ ಅವ್ವ ಒಳಗಿನಿಂದಲೇ "ತಲಿ ಬಗ್ಗಿಸಿ ಬರ್ರೀ" ಅನ್ನುತ್ತಾಳೆ. ಚಿಲಕದ ಪಕ್ಕದಲ್ಲಿ ಕೆಂಪು ಬಣ್ಣದ ಒಂದು ನಂಬರು ಇದೆ, ಮಸುಕಾಗಿದೆ, ಆದರೆ ಹೋಗಿಲ್ಲ. ಸರ್ವೆಗೆ ಬಂದವರು ಬರೆದು ಹೋದದ್ದು. ಮೂರು ಸಲ ವಾರ್ನಿಶ್ ಬಳಿಸಿದರೂ ಅಪ್ಪ ಆ ನಂಬರನ್ನು ಮಾತ್ರ ಒರೆಸಗೊಡಲಿಲ್ಲ.

ಈಗ ತಮ್ಮನ ಮಗ ತನ್ನ ಮೊದಲ ಮನೆಗಾಗಿ ಜಾಗ ಹುಡುಕುತ್ತಿದ್ದಾನೆ. ಅವನು ಹೈಸ್ಕೂಲ್ ಮಾಸ್ತರ, ಹೆಂಡತಿ ನರ್ಸ್. ಆರು ತಿಂಗಳು ಅವರ ಜೊತೆ ನಾನೂ ತಿರುಗಿದೆ. ಏಜೆಂಟರು ಜಾಗ ತೋರಿಸಿದಾಗಲೆಲ್ಲ ಅವನು ರೇಟು ಕೇಳುವ ಮೊದಲು ಕೇಳುತ್ತಿದ್ದದ್ದು ಒಂದೇ ಮಾತು: "ಇದು ಎಷ್ಟ ಮೀಟರಿನ್ಯಾಗ ಬರ್ತದ್ರೀ?"

ಬೇರೆ ಊರಿನವರಿಗೆ ಇದು ಅರ್ಥವಾಗಲಿಕ್ಕಿಲ್ಲ. ಬಾಗಲಕೋಟೆಯವರಿಗೆ ತಮ್ಮ ಹೊಸ್ತಿಲು ಸಮುದ್ರಮಟ್ಟದಿಂದ ಎಷ್ಟು ಎತ್ತರದಲ್ಲಿದೆ ಎಂಬುದು ಗೊತ್ತಿರುತ್ತದೆ. "ನಮ್ಮನಿ 521ರಾಗ ಬಂತು, ಅಣ್ಣನ ಮನಿ 523ರಾಗ ಅದ" ಎಂದು ಇಲ್ಲಿ ಹೆಂಗಸರು, ಮುದುಕರು, ಶಾಲೆಗೆ ಹೋಗುವ ಹುಡುಗರು ಎಲ್ಲರೂ ಮಾತಾಡುತ್ತಾರೆ. ಈ ಊರಿನ ಮನೆ ಬೆಲೆ ಅರ್ಥವಾಗಬೇಕಾದರೆ ಸಿಮೆಂಟು, ಕಬ್ಬಿಣ, ಬಡ್ಡಿ ದರ ಆಮೇಲೆ ನೋಡಿದರಾಯಿತು, ಮೊದಲು ಆ ಮೀಟರಿನ ಕಥೆ ತಿಳಿಯಬೇಕು.

ಆಲಮಟ್ಟಿ ಅಣೆಕಟ್ಟೆಗೆ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ್ದು 1964ರ ಮೇ ತಿಂಗಳಲ್ಲಿ. ಕೃಷ್ಣೆಗೆ ಅಡ್ಡಗಟ್ಟಿದರೆ ಹಿನ್ನೀರು ಘಟಪ್ರಭೆಯಲ್ಲಿ ಹಿಂದಕ್ಕೆ ಸರಿದು ಬಾಗಲಕೋಟೆಯ ಓಣಿಗಳಿಗೆ ನುಗ್ಗುತ್ತದೆ ಎಂಬುದು ಅಂದೇ ಲೆಕ್ಕದಲ್ಲಿತ್ತು. ಆದರೆ ಊರನ್ನು ಎತ್ತಿ ಬೇರೆ ಕಡೆ ಇಡುವ ಕೆಲಸಕ್ಕೆಂದು ಬಾಗಲಕೋಟೆ ಪಟ್ಟಣ ಅಭಿವೃದ್ಧಿ ಪ್ರಾಧಿಕಾರದ ಕಾಯ್ದೆ ಬಂದದ್ದು 1983ರಲ್ಲಿ. ಹೊಸ ಊರಿನ ನಕ್ಷೆಯಲ್ಲಿ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರ ಕೈಯಿತ್ತು. ಜನ ನಿಜವಾಗಿ ಗಂಟುಮೂಟೆ ಕಟ್ಟಿದ್ದು ತೊಂಬತ್ತರ ದಶಕದ ಕೊನೆಯಲ್ಲಿ. ಅಡಿಗಲ್ಲಿನಿಂದ ಅಲ್ಲಿಗೆ ಮೂವತ್ತು ವರ್ಷದ ಮೇಲಾಗಿತ್ತು. ಅಷ್ಟು ವರ್ಷ ಊರಿನಲ್ಲಿ ಯಾರೂ ಮನಸ್ಸಿಟ್ಟು ಮನೆ ಕಟ್ಟಲಿಲ್ಲ. ಸೋರುವ ಮೇಲ್ಮುದ್ದೆಗೆ ಮಣ್ಣು ಹಾಕಿಸುವಾಗಲೂ ಅಜ್ಜ "ಮುಳಗೋ ಮನಿಗೆ ಎಷ್ಟಂತ ಹಾಕೂದು" ಅನ್ನುತ್ತಿದ್ದದ್ದು ನನಗೆ ನೆನಪಿದೆ. ಮಣ್ಣನ್ನಂತೂ ಹಾಕಿಸುತ್ತಿದ್ದ.

ನವನಗರ ಸೆಕ್ಟರುಗಳ ಊರು. ಅಗಲ ರಸ್ತೆ, ನಂಬರು ಬಿದ್ದ ನಿವೇಶನ. 1997ರ ಆಗಸ್ಟ್ 15ರಂದು ಬಾಗಲಕೋಟೆ ಬೇರೆ ಜಿಲ್ಲೆಯಾಗಿ ಕಚೇರಿಗಳೆಲ್ಲ ಬಂದವು, ಅವುಗಳ ಹಿಂದೆ ನೌಕರರು, ನೌಕರರ ಹಿಂದೆ ಬಾಡಿಗೆ. 2008ರಲ್ಲಿ ತೋಟಗಾರಿಕೆ ವಿಶ್ವವಿದ್ಯಾಲಯ ಬಂತು. ಮುಳುಗಡೆಯಾದವರಿಗೆ ನೆರಳಾಗಲೆಂದು ಹುಟ್ಟಿದ ಊರು ಹೀಗೆ ಮುಳುಗಡೆಯ ಸಂಬಂಧವೇ ಇಲ್ಲದವರಿಗೂ ಬೇಕಾದ ಊರಾಯಿತು. ನಿವೇಶನ ಸಿಕ್ಕರೂ ಮನೆ ಕಟ್ಟಲು ಪರಿಹಾರದ ಹಣ ಸಾಲದೆ ಹಕ್ಕುಪತ್ರವನ್ನೇ ಮಾರಿ ಹೋದವರು ನಮ್ಮ ಓಣಿಯಲ್ಲೇ ಇದ್ದರು. ಅಂದು ಅವರಿಂದ ಕೊಂಡವರ ಮಕ್ಕಳು ಇಂದು ಅದೇ ನಿವೇಶನದ ಮೇಲೆ ಮೂರು ಮಹಡಿ ಎಬ್ಬಿಸಿದ್ದಾರೆ. ಮಾರಿದವರ ಮಕ್ಕಳು ಅದೇ ರಸ್ತೆಯಲ್ಲಿ ಬಾಡಿಗೆಗಿದ್ದಾರೆ. ಆ ದಾರಿಯಲ್ಲಿ ಹೋಗುವಾಗೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಅಣೆಕಟ್ಟೆಯ ಎತ್ತರ 524.256 ಮೀಟರ್ ಎಂದು ಯೋಜನೆಯಲ್ಲಿತ್ತು. ಆಂಧ್ರಪ್ರದೇಶ ತಕರಾರು ತೆಗೆದು, 2000ದಲ್ಲಿ ಸುಪ್ರೀಂ ಕೋರ್ಟು 519.60 ಮೀಟರ್‌ವರೆಗೆ ಮಾತ್ರ ನೀರು ನಿಲ್ಲಿಸಲು ಹೇಳಿತು. 2010ರ ಡಿಸೆಂಬರ್ 30ರಂದು ಕೃಷ್ಣೆಯ ನೀರು ಹಂಚುವ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ 524.256ಕ್ಕೆ ಒಪ್ಪಿಗೆ ಕೊಟ್ಟಿತು. ಆದರೆ ಆ ತೀರ್ಪು ಕೇಂದ್ರದ ಗೆಜೆಟ್‌ನಲ್ಲಿ ಪ್ರಕಟವಾಗದೆ, ವಿಷಯ ಮತ್ತೆ ಸುಪ್ರೀಂ ಕೋರ್ಟಿನಲ್ಲಿ ನಿಂತಿದೆ. ನಡುವಿನ ಅಂತರ ಐದು ಮೀಟರಿಗೂ ಕಡಿಮೆ. ಆ ಅಂತರದಲ್ಲಿ ಇನ್ನೂ ಇಪ್ಪತ್ತು ಹಳ್ಳಿ ಮತ್ತು ಹಳೆ ಬಾಗಲಕೋಟೆಯ ಉಳಿದ ಓಣಿಗಳು ಬರುತ್ತವೆ.

ತಮ್ಮನ ಮಗನಿಗೆ ಮೊದಲು ಮನಸ್ಸಾದದ್ದು ಆ ಉಳಿದ ಊರಿನಲ್ಲೇ. ವಲ್ಲಭಭಾಯಿ ಚೌಕದಿಂದ ನಡೆದು ಹೋಗುವಷ್ಟು ಹತ್ತಿರ ಒಂದು ಹಳೆ ಮನೆ, ಗಟ್ಟಿ ಗೋಡೆ, ಹಿತ್ತಲಲ್ಲಿ ಬಾವಿ. ಮಾಲೀಕರು ಹೇಳಿದ ರೇಟು ನವನಗರದ ಖಾಲಿ ನಿವೇಶನಕ್ಕಿಂತ ಕಡಿಮೆ. ನಾವು ಕೇಳಿದ ಬ್ಯಾಂಕು ಕಾಗದ ನೋಡಿ, "ಮುಳುಗಡೆ ವ್ಯಾಪ್ತಿಯಲ್ಲಿದೆಯಲ್ಲ" ಎಂದು ಸಾಲಕ್ಕೆ ಒಪ್ಪಲಿಲ್ಲ. ಅಲ್ಲಿಗೆ ಆ ಮನೆ ಕೈಬಿಟ್ಟಿತು. ಅಗ್ಗದ ಮನೆ ಇದೆ, ಆದರೆ ಸಾಲವಿಲ್ಲದೆ ಕೊಳ್ಳಲಾರದವರಿಗೆ ಅದು ಸಿಗುವುದಿಲ್ಲ. ಸಾಲ ಸಿಗುವ ಜಾಗ ನವನಗರ, ವಿದ್ಯಾಗಿರಿಯ ಕಡೆ. ಇಡೀ ಊರಿನ ಬೇಡಿಕೆ ಆ ಒಂದೇ ಮಗ್ಗುಲಿಗೆ ಬಿದ್ದಿದೆ, ಬೆಲೆ ಏರದೆ ಏನು ಮಾಡೀತು? ನೀರು ಮುಳುಗಿಸಿದ್ದಕ್ಕಿಂತ ಹೆಚ್ಚಿನ ಮನೆಗಳನ್ನು ನೀರು ಬರಬಹುದೆಂಬ ಮಾತೇ ಮುಳುಗಿಸಿದೆ.

ಇದರ ಮೇಲೆ ಈಗ ಜಮೀನಿನ ಪರಿಹಾರ. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೇ ಹಂತದಲ್ಲಿ ಮುಳುಗುವ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣಬೇಸಾಯದ ಜಮೀನಿಗೆ 30 ಲಕ್ಷ ಎಂದು ನಿರ್ಧರಿಸಿತು. ಕೇಳಲು ದೊಡ್ಡ ಮೊತ್ತ. ಎಕರೆಗೆ 40 ಗುಂಟೆ, ಅಂದರೆ ಗುಂಟೆಗೆ ಒಂದು ಲಕ್ಷ, ಚದರಡಿಗೆ ಸುಮಾರು 92 ರೂಪಾಯಿ. ಆ ರೈತ ಊರು ಬಿಟ್ಟು ಬಂದು ಮನೆಗೆಂದು ನವನಗರದಲ್ಲಿ ಜಾಗ ಕೇಳಿದರೆ, ಚದರಡಿಗೆ 92 ರೂಪಾಯಿಗೆ ಅವನಿಗೆ ಯಾರು ಏನು ಕೊಡುತ್ತಾರೆ? ಎಕರೆ ಕೊಟ್ಟು ಗುಂಟೆ ಕೊಳ್ಳುವ ಲೆಕ್ಕ ಇದು. ಆ ಹಣ ಕೈಗೆ ಬಂದ ದಿನ ಸಾವಿರಾರು ಕುಟುಂಬಗಳು ಇದೇ ಪೇಟೆಗೆ ಬರುತ್ತವೆ, ಇದೇ ಮಾಸ್ತರ ಮತ್ತು ನರ್ಸಿನ ಜೊತೆ ಅದೇ ಪ್ಲಾಟಿಗೆ ಪೈಪೋಟಿ ಮಾಡಬೇಕಾಗುತ್ತದೆ. ಪರಿಹಾರದ ಜೊತೆಗೇ ಮನೆ ಜಾಗವನ್ನು ಸಾಕಷ್ಟು ಸಿದ್ಧ ಮಾಡಿಡದಿದ್ದರೆ ಇಬ್ಬರು ಬಡವರನ್ನು ಎದುರುಬದುರು ನಿಲ್ಲಿಸಿದಂತಾಗುತ್ತದೆ.

ನಮ್ಮ ಪಕ್ಕದ ಎರಡು ಜಿಲ್ಲಾ ಕೇಂದ್ರಗಳಲ್ಲೂ ಇಂಥ ಗೆರೆಗಳಿವೆ. ವಿಜಯಪುರದಲ್ಲಿ ಅದು ಆದಿಲಶಾಹಿಗಳು ಬಿಟ್ಟುಹೋದದ್ದು. ಸ್ಮಾರಕ ಸಂರಕ್ಷಣೆಯ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯ ಪ್ರಕಾರ ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕದಿಂದ 100 ಮೀಟರ್‌ವರೆಗೆ ಹೊಸ ಮನೆ ಕಟ್ಟುವಂತಿಲ್ಲ, ಅದರಾಚೆ ಇನ್ನೂ 200 ಮೀಟರ್ ಅನುಮತಿ ಪಡೆದೇ ಕಟ್ಟಬೇಕು. ಗೋಳಗುಮ್ಮಟ ಒಂದೇ ಇದ್ದಿದ್ದರೆ ಸರಿ. ಅಲ್ಲಿ ಹೆಜ್ಜೆಗೊಂದು ಗುಮ್ಮಟ, ಮಸೀದಿ, ಮಹಲು, ಕೋಟೆಗೋಡೆ. ಹಾಗಾಗಿ ಹೊಸ ಸಂಸಾರಗಳು ಊರ ಹೊರಗಿನ ಬಡಾವಣೆಗಳಿಗೆ ಹೋಗುತ್ತವೆ. ಬೆಳಗಾವಿಯಲ್ಲಿ ಊರ ನಡುವಿನ ಒಳ್ಳೆಯ ನೆಲ ಬ್ರಿಟಿಷರ ಕಾಲದಿಂದ ದಂಡಿನದು. ಸುತ್ತಲಿನ ಭತ್ತದ ಗದ್ದೆಗಳನ್ನು ರೈತರು ಸುಲಭಕ್ಕೆ ಬಿಡುವವರಲ್ಲ, ಬಿಡಲೂಬಾರದು. ಹಲಗಾ-ಮಚ್ಛೆ ಬೈಪಾಸಿನ ಹೋರಾಟವನ್ನು ಕಂಡವರಿಗೆ ಅದು ಗೊತ್ತು. ಮೂರರಲ್ಲಿ ಬೆಳಗಾವಿಯೇ ದುಬಾರಿ. ಅಲ್ಲಿ ಅಪಾರ್ಟ್‌ಮೆಂಟಿಗೆ ಜನ ಒಗ್ಗಿಕೊಂಡಿದ್ದಾರೆ. ನಮ್ಮಲ್ಲಿ ಇನ್ನೂ ಕಾಲ ಕೆಳಗಿನ ನೆಲ ನಮ್ಮದೇ ಇರಬೇಕೆಂಬ ಹಟ.

ಆ ಹಟಕ್ಕೆ ತೆರಿಗೆಯ ಲೆಕ್ಕದಲ್ಲೂ ದಂಡವಿದೆ. ಹೊಸ ಫ್ಲ್ಯಾಟಿನ ಮೊದಲ ಮಾರಾಟಕ್ಕೆ 45 ಲಕ್ಷದವರೆಗೆ ಮುದ್ರಾಂಕ ಶುಲ್ಕ ಶೇ 3, ಇನ್ನೂ ಕಡಿಮೆ ಬೆಲೆಯದಕ್ಕೆ ಶೇ 2. ನಿವೇಶನಕ್ಕೆ ಮಾತ್ರ ಶೇ 5. ಇಪ್ಪತ್ತು ಲಕ್ಷದ ಪ್ಲಾಟಿಗೆ ಶುಲ್ಕ ಒಂದು ಲಕ್ಷ, ಅದರ ಮೇಲಿನ ಸೆಸ್ ಮತ್ತು ಸರ್ಚಾರ್ಜ್ ಹನ್ನೆರಡು ಸಾವಿರ. ನೋಂದಣಿ ಶುಲ್ಕ ಮೊದಲು ಶೇ 1 ಇತ್ತು, 2025ರ ಆಗಸ್ಟ್ 31ರಿಂದ ಶೇ 2, ಅಂದರೆ ನಲವತ್ತು ಸಾವಿರ. ಒಟ್ಟು 1,52,000 ರೂಪಾಯಿ. ಈ ಹಣ ಸಾಮಾನ್ಯವಾಗಿ ಬ್ಯಾಂಕಿನ ಸಾಲದ ಲೆಕ್ಕಕ್ಕೆ ಬರುವುದಿಲ್ಲ, ಕೈಯಿಂದಲೇ ಕಟ್ಟಬೇಕು. ಫ್ಲ್ಯಾಟುಗಳೇ ವಿರಳವಾಗಿರುವ ನಮ್ಮಂಥ ಊರಿಗೆ ಆ ರಿಯಾಯಿತಿ ತಲುಪುವುದೇ ಇಲ್ಲ. ಸರ್ಕಾರ ಮೊದಲ ಮನೆಯವರಿಗೆ ಸಹಾಯ ಮಾಡಬೇಕೆಂದಿದ್ದರೆ ಮೂವತ್ತು-ನಲವತ್ತರ ಪ್ಲಾಟಿಗೂ ಅದನ್ನು ಕೊಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಕೇಂದ್ರದ ಆವಾಸ್ ಯೋಜನೆಯ ಎರಡನೇ ಆವೃತ್ತಿಯಲ್ಲಿ ಮಾತ್ರ ನಮಗೊಂದು ಅನುಕೂಲ ಕಂಡಿತು. ವರ್ಷಕ್ಕೆ 9 ಲಕ್ಷದೊಳಗೆ ಆದಾಯವಿದ್ದು, ಕುಟುಂಬದ ಹೆಸರಲ್ಲಿ ದೇಶದಲ್ಲೆಲ್ಲೂ ಪಕ್ಕಾ ಮನೆ ಇಲ್ಲದಿದ್ದರೆ, 25 ಲಕ್ಷದವರೆಗಿನ ಸಾಲಕ್ಕೆ ಗರಿಷ್ಠ 1.80 ಲಕ್ಷದ ಬಡ್ಡಿ ಸಹಾಯಧನ ಐದು ಕಂತಿನಲ್ಲಿ ಬರುತ್ತದೆ. ಮನೆಯ ಬೆಲೆ 35 ಲಕ್ಷ ಮೀರಬಾರದು. ಆ ಮಿತಿ ಬೆಂಗಳೂರಿಗೂ ಬಾಗಲಕೋಟೆಗೂ ಒಂದೇ. ಇಲ್ಲಿ ಅದರೊಳಗೆ ಹೇಗೋ ಒಂದು ಮನೆ ಎದ್ದುನಿಲ್ಲುತ್ತದೆ.

ಶುಲ್ಕ ಉಳಿಸಲು ಖರೀದಿ ಪತ್ರದಲ್ಲಿ ರೇಟು ಕಡಿಮೆ ತೋರಿಸುವ ಹಳೇ ಚಾಳಿ ನಮ್ಮ ಭಾಗದಲ್ಲಿದೆ. ಅದರ ಬಗ್ಗೆ ಇಷ್ಟು ಹೇಳದೆ ಇರಲಾರೆ. ಸರ್ಕಾರ ಜಮೀನು ವಶಪಡಿಸಿಕೊಳ್ಳುವಾಗ ಬೆಲೆ ಕಟ್ಟುವುದು ಸುತ್ತಮುತ್ತಲಿನ ನೋಂದಾಯಿತ ಖರೀದಿ ಪತ್ರಗಳನ್ನೂ ಮಾರ್ಗಸೂಚಿ ಬೆಲೆಯನ್ನೂ ನೋಡಿ. 1894ರ ಕಾಯ್ದೆಯಲ್ಲೂ 2013ರ ಕಾಯ್ದೆಯಲ್ಲೂ ನೋಂದಾಯಿತ ಬೆಲೆಗೆ ತೂಕವಿದೆ. ಅಪ್ಪನ ಕಾಲದವರು ಸಾವಿರ ಉಳಿಸಲು ಬರೆಸಿದ ಅರ್ಧ ಬೆಲೆ ಮುಳುಗಡೆಯ ದಿನ ಅವರ ಪರಿಹಾರವನ್ನೇ ತಿಂದುಹಾಕಿತು. ಪೂರ್ತಿ ಬೆಲೆ ಬರೆಸೆಂದು ಹುಡುಗನಿಗೆ ನಾನು ಹೇಳಿದ್ದು ಆ ಕಾರಣಕ್ಕೇ.

ಇನ್ನು ಕಾಗದಪತ್ರ. ನಮ್ಮ ಭಾಗ ಮೊದಲು ಮುಂಬೈ ಪ್ರಾಂತದಲ್ಲಿತ್ತು, ನಮ್ಮ ಬಾಯಲ್ಲಿ ಈಗಲೂ ಪಹಣಿ ಅಲ್ಲ, ಉತಾರ. ಕೃಷಿ ಜಮೀನು ಬಿನ್‌ಶೇತ್ಕಿಯಾಗಿದ್ದರೆ, ಅಂದರೆ ಕೃಷಿಯೇತರ ಬಳಕೆಗೆ ಪರಿವರ್ತನೆಯಾಗಿದ್ದರೆ, 'ಎನ್.ಎ. ಆಗೇದ' ಅನ್ನುತ್ತೇವೆ. ಊರೊಳಗಿನ ಆಸ್ತಿಗೆ ಸಿ.ಟಿ.ಎಸ್., ಅಂದರೆ ಸಿಟಿ ಸರ್ವೆ ನಂಬರು. ಎನ್.ಎ. ಆಗದ ಹೊಲವನ್ನು ಗುಂಟೆ ಗುಂಟೆಯಾಗಿ ತುಂಡು ಮಾಡಿ ಬಾಂಡ್ ಪೇಪರಿನ ಮೇಲೆ ಮಾರುವವರು ಊರ ಅಂಚಿಗೆ ಸಾಕಷ್ಟಿದ್ದಾರೆ. 33 ಅಡಿ ಉದ್ದ, 33 ಅಡಿ ಅಗಲದ ಒಂದು ಗುಂಟೆ, ಅರ್ಧ ರೇಟು. ಅದಕ್ಕೆ ಮನೆ ಸಾಲ ಸಿಗುವುದು ಕಷ್ಟ, ನಲ್ಲಿ ಮತ್ತು ಗಟಾರಕ್ಕೆ ವರ್ಷಗಟ್ಟಲೆ ಅಲೆಯಬೇಕು. 2025ರಲ್ಲಿ ಸರ್ಕಾರ ಇಂಥ ಆಸ್ತಿಗಳಿಗೆ ಬಿ ಖಾತಾ ಕೊಡಲು ಶುರುಮಾಡಿದ ಮೇಲೆ ಮಾರುವವರ ಧೈರ್ಯ ಹೆಚ್ಚಾಗಿದೆ. ಬಿ ಖಾತಾ ತೆರಿಗೆ ಕಟ್ಟಿಸಿಕೊಳ್ಳುತ್ತದೆಯೇ ಹೊರತು ಬಡಾವಣೆಯನ್ನು ಸಕ್ರಮ ಮಾಡಿಬಿಡುವುದಿಲ್ಲ.

ಕೊನೆಗೆ ಹುಡುಗ ಸಂಚಕಾರ ಕೊಟ್ಟದ್ದು ಊರ ಹೊರಗೆ, ಎತ್ತರದ ಕಡೆ, ಎನ್.ಎ. ಆದ ಮೂವತ್ತು-ನಲವತ್ತರ ಒಂದು ಪ್ಲಾಟಿಗೆ. ಮೀಟರಿನ ಚಿಂತೆ ಇಲ್ಲ. ಆದರೆ ಕಪ್ಪು ಎರಿ ನೆಲ. ಏಪ್ರಿಲ್‌ನಲ್ಲಿ ನೋಡಲು ಹೋದಾಗ ಬಿರುಕಿನೊಳಗೆ ನನ್ನ ಕೈ ಮೊಣಕೈವರೆಗೆ ಇಳಿಯಿತು. ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವ ಈ ಮಣ್ಣಿನ ಮೇಲೆ ಪಾಯಾ ನಿಲ್ಲಿಸಿದರೆ ಎರಡನೇ ವರ್ಷಕ್ಕೆ ಗೋಡೆ ಸೀಳುತ್ತದೆ. ಕೆಂಪು ಮಸಾರಿ ನೆಲದಲ್ಲಿ ಮೂರ್ನಾಲ್ಕು ಅಡಿಗೆ ಮುಗಿಯುವ ಕೆಲಸ ಇಲ್ಲಿ ಎಲ್ಲಿಗೆ ಮುಟ್ಟುತ್ತದೆಂದು ತೋಡಿಯೇ ನೋಡಬೇಕು. ಒಂದೇ ರೇಟಿನ ಎರಡು ಪ್ಲಾಟುಗಳಲ್ಲಿ ಒಂದು ನೆಲದೊಳಗೇ ಲಕ್ಷಗಳನ್ನು ನುಂಗಿರುತ್ತದೆ. ರೇಟು ಹೇಳುವವರು ಅದನ್ನು ಹೇಳುವುದಿಲ್ಲ.

ಪರೀಕ್ಷೆಗೆಂದು ಮನೆ ಕಟ್ಟುವ ಗೌಂಡಿಯನ್ನು ಕರೆಸಿ ಮೂಲೆಯಲ್ಲಿ ಒಂದು ಗುಂಡಿ ತೋಡಿಸಿದೆವು. ಐದು ಅಡಿ ಹೋದರೂ ಕಪ್ಪು ಮಣ್ಣೇ, ಹಾರೆಗೆ ಬೆಲ್ಲದಂತೆ ಅಂಟುತ್ತಿತ್ತು. ಹುಡುಗ ದಂಡೆಯಲ್ಲಿ ಕೂತು ಒಳಗೇ ನೋಡುತ್ತಿದ್ದ. "ಇನ್ನ ಎಷ್ಟ ತೋಡಬೇಕ್ರೀ ಗೌಂಡ್ಯಾರ?"

"ಗರಸ ಹತ್ತೋತನಕ ತೋಡಬೇಕ್ರೀ ಸರ. ಅದಕ್ಕ ಕಡಿಮಿ ಮಾಡಾಕ ಬರೂದಿಲ್ಲ."

ಏಳು ಅಡಿ ದಾಟಿದ ಮೇಲೆ ಹಾರೆಯ ಸದ್ದು ಬದಲಾಯಿತು. ಗೌಂಡಿ ಬಗ್ಗಿ ಒಂದು ಹಿಡಿ ಮೇಲೆತ್ತಿ ಹುಡುಗನ ಅಂಗೈಗೆ ಹಾಕಿದರು, ಹಳದಿ ಗರಸು, ಹರಳು ಹರಳಾದ ಗಟ್ಟಿ ಮಣ್ಣು, ಇನ್ನೂ ತಣ್ಣಗಿತ್ತು. ಅವನು ಅದನ್ನು ಹೆಂಡತಿಗೆ ತೋರಿಸಲೆಂದು ಕರವಸ್ತ್ರದಲ್ಲಿ ಕಟ್ಟಿಕೊಂಡ.