ಲೈನ್ ಕಟ್ ಆದಮೇಲೆ ಮುಟ್ಟಬೇಡಿ

"ಸರ, ಲೈನ್ ಹತ್ತತೈತ್ರಿ. ಪಾಸ್‌ವರ್ಡೂ ತಗೊಂತೈತಿ. ಆಮ್ಯಾಲ ಕಟ್ ಆಗತೈತಿ. ಮುಂಜಾನಿಂದ ಹದಿನೈದು ಸಲ ಹಚ್ಚೀನ್ರಿ, ಒಂದ್ ಸಲಾನೂ ನಿಂದ್ರವಲ್ದು."

ಕಾರಟಗಿಯ ಅಕ್ಕಿ ಗಿರಣಿಯೊಂದರ ಮುನೀಮರು ಫೋನಿನಲ್ಲಿ ಹೇಳಿದ ಮಾತಿದು. ಬಳ್ಳಾರಿಯಲ್ಲಿ ಮೋಡೆಮ್ (ಫೋನ್ ಲೈನಿನ ಮೇಲೆ ಕಂಪ್ಯೂಟರ್‌ಗಳನ್ನು ಮಾತಾಡಿಸುವ ಪೆಟ್ಟಿಗೆ), ಸೀರಿಯಲ್ ಪೋರ್ಟ್ (ಯಂತ್ರಕ್ಕೆ ತಂತಿ ಸಿಕ್ಕಿಸುವ ಹಳೆಯ ಬಗೆಯ ಕಿಂಡಿ), ಲಿನಕ್ಸ್ ಅಂತ ಕೆಲಸ ಮಾಡುತ್ತಾ ಇಪ್ಪತ್ತು ವರ್ಷ ದಾಟಿದೆ. ಕಾಲ್‌ಬ್ಯಾಕ್, ಅಂದರೆ ಸರ್ವರ್ ತಾನೇ ತಿರುಗಿ ಫೋನ್ ಮಾಡುವ ಏರ್ಪಾಡು, ಹಾಕಿಕೊಟ್ಟ ಪ್ರತಿಯೊಂದು ಕಡೆಯಿಂದಲೂ ನನಗೆ ಇದೇ ಫೋನ್ ಬಂದಿದೆ. ರಾಯಚೂರಿನ ಹತ್ತಿ ವ್ಯಾಪಾರಿ, ಕುಷ್ಟಗಿ ಕಡೆಯ ಗ್ರಾನೈಟ್ ಕ್ವಾರಿ, ಎಲ್ಲರದೂ ಒಂದೇ ದೂರು. ಒಮ್ಮೊಮ್ಮೆ ಬೇಸರ ಬರುತ್ತದೆ. ಯಾಕೆಂದರೆ ಅಲ್ಲಿ ಏನೂ ಕೆಟ್ಟಿರುವುದಿಲ್ಲ. ಲೈನ್ ಕಟ್ ಆಯಿತು ಅಂದರೆ ಎಲ್ಲ ಸರಿಯಾಗಿ ನಡೆಯಿತು ಅಂತ ಅರ್ಥ.

ಈಗಲೂ ಮೋಡೆಮ್ ಯಾರು ಬಳಸುತ್ತಾರೆ ಅಂತ ಕೇಳುವವರಿದ್ದಾರೆ. ಹಳೆಯ ಯಂತ್ರಗಳ ಕಂಟ್ರೋಲರ್‌ಗೆ ಸೀರಿಯಲ್ ಪೋರ್ಟ್ ಬಿಟ್ಟರೆ ಬೇರೆ ಬಾಗಿಲಿಲ್ಲ. ರಸ್ತೆ ಅಗಲ ಮಾಡುವಾಗ ಜೆಸಿಬಿ ಫೈಬರ್ ಕಿತ್ತು ಹಾಕಿದರೆ, ಒಳಗೆ ಹೋಗಲು ಹಿಂಬಾಗಿಲು ಬೇಕು. ಅಂಥ ಕಡೆ ಒಂದು ತಾಮ್ರದ ಲೈನು, ಒಂದು ಮೋಡೆಮ್ ಇನ್ನೂ ಕೆಲಸ ಮಾಡುತ್ತಿವೆ.

ವಿಷಯಕ್ಕೆ ಬರುತ್ತೇನೆ. ಮಿಸ್ಡ್ ಕಾಲ್ ಕೊಡುವುದು ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಕರೆನ್ಸಿ ಇಲ್ಲದ ಹುಡುಗ ಊರಿಂದ ಅಣ್ಣನಿಗೆ ಮಿಸ್ಡ್ ಕಾಲ್ ಕೊಟ್ಟು ಫೋನ್ ಇಡುತ್ತಾನೆ. ಅಣ್ಣ ತಿರುಗಿ ಮಾಡುತ್ತಾನೆ. ಕಾಲ್‌ಬ್ಯಾಕ್ ಕೂಡ ಅಷ್ಟೇ. ನಿಮ್ಮ ಕಂಪ್ಯೂಟರ್ ಸರ್ವರ್‌ಗೆ ಫೋನ್ ಮಾಡಿ ತನ್ನ ಹೆಸರು ಹೇಳುತ್ತದೆ. ಸರ್ವರ್ ಗುರುತು ಹಿಡಿದು ಫೋನ್ ಇಡುತ್ತದೆ. ಆಮೇಲೆ ತನ್ನ ಹತ್ತಿರ ಬರೆದಿಟ್ಟಿರುವ ನಂಬರಿಗೆ ತಾನೇ ಫೋನ್ ಮಾಡುತ್ತದೆ. ಬಿಲ್ಲು ಸರ್ವರ್ ಇರುವ ಕಚೇರಿಗೆ ಬೀಳುತ್ತದೆ. ಪಾಸ್‌ವರ್ಡ್ ಕದ್ದವನು ಬೇರೆ ಊರಿಂದ ಮಾಡಿದರೂ ತಿರುಗಿ ಬರುವ ಕರೆ ನಿಮ್ಮ ಗಿರಣಿಗೇ ಬರುತ್ತದೆ.

ಈಗ ಯೋಚಿಸಿ. ಮಿಸ್ಡ್ ಕಾಲ್ ಕೊಟ್ಟ ಹುಡುಗ ಸುಮ್ನೆ ಕೂರದೆ ಮತ್ತೆ ಮತ್ತೆ ಅಣ್ಣನಿಗೆ ಹಚ್ಚುತ್ತಲೇ ಇದ್ದರೆ ಏನಾಗುತ್ತದೆ? ಅಣ್ಣನಿಗೆ ಎಂಗೇಜ್ ಟೋನ್ ಕೇಳಿಸುತ್ತದೆ, ಅಲ್ವಾ? ಮುನೀಮರು ಬೆಳಗ್ಗೆಯಿಂದ ಮಾಡಿದ್ದು ಇದನ್ನೇ. ಹದಿನೈದು ಸಲವೂ ಸರ್ವರ್ ತಿರುಗಿ ಮಾಡಲು ಹೋಗಿದೆ, ಹದಿನೈದು ಸಲವೂ ಇವರ ಲೈನ್ ಎಂಗೇಜ್.

ಫೋನಿನಲ್ಲಿ ಎಷ್ಟು ಹೇಳಿದರೂ ಆಗಲಿಲ್ಲ. ಬಸ್ ಹತ್ತಿ ಹೋದೆ. ಮೋಡೆಮ್ ಮೇಲೆ ತೌಡಿನ ಧೂಳು ಎಷ್ಟು ಕೂತಿತ್ತೆಂದರೆ ದೀಪಗಳೇ ಕಾಣುತ್ತಿರಲಿಲ್ಲ. ಮುನೀಮರು ಹೆಗಲ ಮೇಲಿನ ಟವೆಲಿನಿಂದ ಒರೆಸಿದರು. ಡಯಲ್ ಆಯಿತು, ಲೈನ್ ಕೂಡಿದೆ ಅಂತ ತೋರಿಸುವ, ಸಿಡಿ ಅಂತ ಬರೆದ ದೀಪ ಹತ್ತಿತು, ಲಾಗಿನ್ ಹೋಯಿತು, ದೀಪ ಆರಿತು. ಅವರ ಬೆರಳು ಆಗಲೇ ಎಂಟರ್ ಕೀ ಮೇಲಿತ್ತು. ನಾನು ಕೈ ಹಿಡಿದುಕೊಂಡೆ. "ತಡೀರಿ ಮುನೀಮರ, ಎಣಿಸ್ರಿ" ಅಂದೆ. ಇಬ್ಬರೂ ಎಣಿಸಿದೆವು. ಮೂವತ್ತೊಂದಕ್ಕೆ ಫೋನ್ ಬಾರಿಸಿತು. ಅವರ ಇನ್ನೊಂದು ಕೈ ಮೇಜಿನ ಮೇಲಿದ್ದ ಫೋನ್ ಎತ್ತಲು ಹೋಯಿತು. ನಲವತ್ತು ವರ್ಷದ ಅಭ್ಯಾಸ, ಅವರದೇನು ತಪ್ಪು? ಅದನ್ನೂ ತಡೆದೆ. ಮೋಡೆಮ್ ಕರೆ ತೆಗೆದುಕೊಂಡು ಕಿರ್‌ಗುಟ್ಟಿತು, ದೀಪ ಮತ್ತೆ ಹತ್ತಿತು, ಈ ಸಲ ನಿಂತಿತು. "ಇಷ್ಟೇ ಏನ್ ತಮ್ಮಾ?" ಅಂದು ಚಹಾ ತರಿಸಿದರು. ನನಗೆ ತುಂಬ ಬೇಕಾದ ಮನುಷ್ಯ ಅವರು.

ಮನುಷ್ಯರು ಮಾಡುವ ಈ ತಪ್ಪನ್ನೇ ನಾವು ಲಿನಕ್ಸ್‌ಗೂ ಕಲಿಸಿಬಿಡುತ್ತೇವೆ. ಸ್ವಂತವಾಗಿ ಸೆಟಪ್ ಮಾಡುವವರು ಈ ಭಾಗವನ್ನು ನಿಧಾನವಾಗಿ ಓದಿ. ಎಲ್ಲೋ ಸಿಕ್ಕ ಮಾಮೂಲಿ ಚಾಟ್ ಸ್ಕ್ರಿಪ್ಟನ್ನು (ಮೋಡೆಮ್ ಏನು ಹೇಳಿದರೆ ಏನು ಉತ್ತರ ಕೊಡಬೇಕು ಅಂತ ಬರೆದ ಪಟ್ಟಿ) ತಂದು ಹಾಕಿಕೊಳ್ಳುತ್ತಾರೆ. ಅದರ ತಲೆಯಲ್ಲೇ "ಅಬಾರ್ಟ್ ನೋ ಕ್ಯಾರಿಯರ್" ಅಂತ ಇರುತ್ತದೆ. ಅಂದರೆ ಆ ಕಡೆಯವರು ಫೋನ್ ಇಟ್ಟರೆ ಕೆಲಸ ಬಿಟ್ಟುಬಿಡು ಅಂತ. ಮಾಮೂಲಿ ಇಂಟರ್ನೆಟ್‌ಗೆ ಇದು ಸರಿ. ಕಾಲ್‌ಬ್ಯಾಕ್‌ನಲ್ಲಿ ಆ ಕಡೆಯವರು ಫೋನ್ ಇಡಲೇಬೇಕು. ಡಯಲ್ ಮಾಡುವವರೆಗೆ ಆ ಅಬಾರ್ಟ್ ಇರಲಿ. ಲಾಗಿನ್ ಆದ ಕೂಡಲೇ ಕ್ಲಿಯರ್ ಅಬಾರ್ಟ್ ಆದೇಶದಿಂದ ಅದನ್ನು ತೆಗೆಯಿರಿ. ಆಮೇಲೆ ನೋ ಕ್ಯಾರಿಯರ್ ಬರಲಿ ಅಂತ ಕಾಯಿಸಿ. ನಂತರ ರಿಂಗ್ ಬರಲಿ ಅಂತ ಕಾಯಿಸಿ. ರಿಂಗ್ ಬಂದಾಗ, ಫೋನ್ ಎತ್ತು ಅನ್ನುವ ಎಟಿಎ ಆದೇಶ ಕಳಿಸಿ, ಕನೆಕ್ಟ್‌ಗೆ ಕಾಯಿಸಿ.

ಟೈಮ್‌ಔಟ್ ಕೂಡ ನೋಡಿ. ಚಾಟ್ ತಾನಾಗಿ ಕಾಯುವುದು 45 ಸೆಕೆಂಡು. ಸರ್ವರ್ ಸ್ವಲ್ಪ ತಡೆದು, ಎಸ್‌ಟಿಡಿ ಕೋಡ್ ಹಾಕಿ, ಎಕ್ಸ್‌ಚೇಂಜ್ ದಾಟಿ ಬರುವಷ್ಟರಲ್ಲಿ ಅದು ಮುಗಿದುಹೋಗಬಹುದು. ನಾನು 120 ಇಡುತ್ತೇನೆ. ಇನ್ನು ಲೈನಿನ ಮೇಲೆ ನೆಟ್‌ವರ್ಕ್ ಸಂಪರ್ಕ ನಡೆಸುವ ಪಿಪಿಪಿಡಿ ಪ್ರೋಗ್ರಾಂನಲ್ಲಿ ಪರ್ಸಿಸ್ಟ್ (ಬಿಡದೆ ಪ್ರಯತ್ನಿಸು) ಅಂತ ಹಾಕಿದ್ದರೆ ಮೊದಲು ತೆಗೆಯಿರಿ. ಸ್ಕ್ರಿಪ್ಟ್ ಸೋತರೆ ಅದು ಮತ್ತೆ ಡಯಲ್ ಮಾಡುತ್ತದೆ. ನೀವು ಬೇರೆ ಸಂಖ್ಯೆ ಕೊಡದಿದ್ದರೆ ಸತತ 10 ಸಲ ಸೋತ ಮೇಲೆಯೇ ಬಿಡುವುದು. ಮುನೀಮರು ಮಾಡಿದ್ದೂ ಅದೇ ಅಲ್ವಾ?

ಮೋಡೆಮ್‌ನ ಎಸ್‌0 (ಎಷ್ಟನೇ ರಿಂಗಿಗೆ ಮೋಡೆಮ್ ತಾನೇ ಎತ್ತಬೇಕು ಅನ್ನುವ ಸೆಟ್ಟಿಂಗ್) ಸೊನ್ನೆಯೇ ಇರಲಿ. ಅದನ್ನು 1 ಮಾಡಿದರೆ ಬರುವ ಕರೆಗಳನ್ನೆಲ್ಲ ಮೋಡೆಮ್ ತಾನೇ ಎತ್ತುತ್ತದೆ, ಊರಿಂದ ಫೋನ್ ಮಾಡಿದ ಅಕ್ಕನ ಕಿವಿಗೆ ಸೀಟಿ ಬಡಿಯುತ್ತದೆ.

ಸರ್ವರ್ ಕಡೆ ಹೇಳುವುದು ಜಾಸ್ತಿ ಇಲ್ಲ. ಬರುವ ಕರೆ ಎತ್ತಿ ಲಾಗಿನ್ ಕೇಳುವ ಎಂಗೆಟ್ಟಿ ಹಾಕಿದರೆ ಅದರ ಜೊತೆಗೇ ಕಾಲ್‌ಬ್ಯಾಕ್ ಅನ್ನೋ ಪ್ರೋಗ್ರಾಂ ಬರುತ್ತದೆ. ಲಾಗಿನ್ ಕಾನ್ಫಿಗ್ ಫೈಲಿನಲ್ಲಿ ಒಂದು ಹೆಸರಿಗೆ ಅದನ್ನು ಕಟ್ಟಿದರೆ ಸಾಕು. ನಂಬರನ್ನು ನೀವೇ ಅಲ್ಲಿ ಬರೆಯಿರಿ. ಫೋನ್ ಮಾಡಿದವರನ್ನೇ ನಂಬರ್ ಕೇಳುವ ಹಾಗೆ ಬಿಟ್ಟರೆ ಭದ್ರತೆ ಅನ್ನೋದು ಏನೂ ಉಳಿಯುವುದಿಲ್ಲ. ತಿರುಗಿ ಬಂದ ಕರೆಯಲ್ಲಿ ಮತ್ತೊಮ್ಮೆ ಲಾಗಿನ್ ಕೇಳುತ್ತದೆ, ಆಗ ನಿಜವಾದ ಹೆಸರು, ಪಾಸ್‌ವರ್ಡ್ ಕೊಡಬೇಕು. ವಿಂಡೋಸ್ ಸರ್ವರ್ ಜೊತೆ ಮಾತಾಡಬೇಕಿದ್ದರೆ ದಾರಿ ಬೇರೆ, ಅದಕ್ಕೆ ಪಿಪಿಪಿಡಿಯಲ್ಲೇ ಸಿಬಿಸಿಪಿ (ಮೈಕ್ರೋಸಾಫ್ಟ್‌ನವರ ಕಾಲ್‌ಬ್ಯಾಕ್ ವಿಧಾನ) ಸೇರಿರಬೇಕು.

ಫೋನ್ ಇಟ್ಟ ತಕ್ಷಣ ತಿರುಗಿ ಮಾಡಿಸಬೇಡಿ. ಎಷ್ಟೋ ಎಕ್ಸ್‌ಚೇಂಜ್‌ಗಳಲ್ಲಿ ಕರೆ ಮಾಡಿದವರು ಇಡುವವರೆಗೆ ಲೈನ್ ಬಿಡುಗಡೆ ಆಗುವುದಿಲ್ಲ. ಸರ್ವರ್ ಅವಸರದಲ್ಲಿ ಎತ್ತಿದರೆ ಅದೇ ಹಳೆಯ ಕರೆ ಇರುತ್ತದೆ, ಡಯಲ್ ಟೋನ್ ಬರುವುದಿಲ್ಲ. 15ರಿಂದ 20 ಸೆಕೆಂಡು ಬಿಡಿ. ಇದರಲ್ಲೇ ಒಂದು ಅಪಾಯವೂ ಇದೆ. ಕೆಟ್ಟ ಉದ್ದೇಶದವನು ಲೈನ್ ಬಿಡದೆ ಹಿಡಿದುಕೊಂಡು, ತಾನೇ ಡಯಲ್ ಟೋನ್ ಕೇಳಿಸಿ ಸರ್ವರನ್ನು ಮೋಸ ಮಾಡಬಹುದು. ಲೆಕ್ಕಪತ್ರ, ಸಂಬಳದ ಮಾಹಿತಿ ಇರುವ ಕಡೆ ಒಳಬರುವ ಕರೆಗೆ ಒಂದು ಲೈನ್, ತಿರುಗಿ ಮಾಡಲು ಇನ್ನೊಂದು ಲೈನ್ ಇಡಿ ಅಂತ ನಾನು ಒತ್ತಾಯ ಮಾಡುತ್ತೇನೆ. ಎರಡನೇ ಲೈನಿನ ಬಾಡಿಗೆ ದಂಡ ಅನ್ನುತ್ತಾರೆ. ಅಲ್ಲ.

ವೇಗದ ಬಗ್ಗೆ ಜಗಳ ಮಾಡುವವರಿಗೆ ಒಂದು ಮಾತು. ಡಬ್ಬಿ ಮೇಲೆ 56ಕೆ (ಸೆಕೆಂಡಿಗೆ 56 ಸಾವಿರ ಬಿಟ್) ಅಂತ ಬರೆದಿದ್ದರೂ ಎರಡೂ ಕಡೆ ಮಾಮೂಲಿ ಮೋಡೆಮ್ ಇದ್ದರೆ 33.6ಕ್ಕಿಂತ ಮೇಲೆ ಹೋಗುವುದಿಲ್ಲ. ಒಂದು ಕಡೆ ಎಕ್ಸ್‌ಚೇಂಜ್‌ಗೆ ಡಿಜಿಟಲ್ ಲೈನ್ ಇದ್ದರೆ ಮಾತ್ರ 56 ಅನ್ನೋ ಮಾತು.

ಈಚೆಗೆ ಹಲವರ ಲ್ಯಾಂಡ್‌ಲೈನ್ ಫೈಬರ್‌ಗೆ ಬದಲಾಗಿದೆ. ಅಲ್ಲಿ ದನಿ ಇಂಟರ್ನೆಟ್ ಪ್ಯಾಕೆಟ್ ಆಗಿ ಹೋಗುತ್ತದೆ. ಮನುಷ್ಯರ ಮಾತಿಗೆ ತೊಂದರೆ ಇಲ್ಲ, ಮೋಡೆಮ್ ಮಾತ್ರ ನಡುವೆ ದಾರಿ ತಪ್ಪಬಹುದು. ವೇಗ 9600ಕ್ಕೆ ಇಳಿಸಿದರೆ ಕೆಲವು ಕಡೆ ನಿಂತಿದೆ, ಕೆಲವು ಕಡೆ ಇಲ್ಲ. ನಿಮ್ಮಲ್ಲಿ ಆಗುತ್ತದೋ ಇಲ್ಲವೋ, ನೋಡದೆ ನಾನು ಮಾತು ಕೊಡುವುದಿಲ್ಲ. ಹೊಸ ಸಂಪರ್ಕ ಬಂತು ಅಂತ ಹಳೆಯ ತಾಮ್ರದ ಲೈನನ್ನು ಒಪ್ಪಿಸಿಬಿಡುವ ಮುಂಚೆ ಒಂದು ವಾರ ಪರೀಕ್ಷೆ ಮಾಡಿ.

ನಂಬರ್ ಬದಲಾದರೆ ಅದೇ ದಿನ ತಿಳಿಸಿ. ನಮ್ಮ ಒಬ್ಬ ಗ್ರಾಹಕರು ಕಚೇರಿ ಬದಲಿಸಿ ಮೂರು ತಿಂಗಳಾದರೂ ಹೇಳಿರಲಿಲ್ಲ. ಹೊಸ ಜಾಗದಿಂದ ದಿನಾ ರಾತ್ರಿ ಒಂಬತ್ತಕ್ಕೆ ಅವರ ಕಂಪ್ಯೂಟರ್ ಕರೆ ಮಾಡುತ್ತಿತ್ತು, ಸರ್ವರ್ ಹಳೆಯ ನಂಬರಿಗೇ ತಿರುಗಿ ಮಾಡುತ್ತಿತ್ತು. ಆ ನಂಬರ್ ಅಷ್ಟರಲ್ಲಿ ಬೇರೆ ಮನೆಗೆ ಹೋಗಿತ್ತು. ಒಬ್ಬ ಅಜ್ಜಿ ದಿನಾ ಫೋನ್ ಎತ್ತಿ "ಯಾರವಾ? ಮಾತಾಡ್ರಿ" ಅಂತ ಕೇಳುತ್ತಿದ್ದರಂತೆ. ದುಬೈನಲ್ಲಿರುವ ಮಗ ಮಾಡುತ್ತಿದ್ದಾನೆ, ಲೈನ್ ಸರಿ ಇಲ್ಲ ಅಂದುಕೊಂಡು ಇಡದೆ ಹಿಡಿದುಕೊಂಡಿರುತ್ತಿದ್ದರಂತೆ. ವಿಷಯ ತಿಳಿದ ದಿನವೇ ಅವರ ಮನೆ ಹುಡುಕಿಕೊಂಡು ಹೋಗಿ ಕೈ ಮುಗಿದು ಬಂದೆ.