ಮೇಲಿನವರ ಆದೇಶ ಅಂದರೆ ಸಾಕಾ?

ಸರ್ಕಾರಿ ಅಧಿಕಾರಿ ಹೇಗಿರಬೇಕು ಎಂಬ ಮಾತು ಬಂದಾಗಲೆಲ್ಲ ಪ್ಲೇಟೋ, ಕಾಂಟ್, ಮಿಲ್ ಎಂದು ತತ್ವಜ್ಞಾನಿಗಳ ಹೆಸರುಗಳು ಸಾಲಾಗಿ ಬರುತ್ತವೆ. ಸುಮ್ನೆ ಹೆಸರು ಹೇಳಿ ಮುಂದೆ ಹೋಗುವವರೇ ಜಾಸ್ತಿ. ಆದರೆ ಇವರೆಲ್ಲ ಹೇಳಿದ್ದು ಒಂದೇ ಮಾತಲ್ಲ. ಒಬ್ಬರ ಉತ್ತರದಲ್ಲಿದ್ದ ಕೊರತೆ ಇನ್ನೊಬ್ಬರ ಕಾಲದಲ್ಲಿ ಕಣ್ಣಿಗೆ ಬಿದ್ದಿದೆ.

ಆಳುವವರಿಗೆ ಸ್ವಂತ ಆಸ್ತಿಯೇ ಬೇಡ, ಅವರು ಚಿನ್ನ ಬೆಳ್ಳಿ ಮುಟ್ಟಲೂಬಾರದು ಎಂದ ಪ್ಲೇಟೋ. ನ್ಯಾಯವಾಗಿ ನಡೆದು ನಡೆದೇ ಮನುಷ್ಯ ನ್ಯಾಯವಂತನಾಗುತ್ತಾನೆ ಎಂದ ಅವನ ಶಿಷ್ಯ ಅರಿಸ್ಟಾಟಲ್. ಇಬ್ಬರ ಕಣ್ಣೂ ಮನುಷ್ಯನ ಗುಣದ ಮೇಲೆ. ಅವರು ಬಾಳಿದ ಅಥೆನ್ಸ್ ಮಾತ್ರ ಯಾರ ಗುಣವನ್ನೂ ನಂಬಿ ಕೂರಲಿಲ್ಲ. ಅವಧಿ ಮುಗಿದ ಅಧಿಕಾರಿ ಲೆಕ್ಕ ಒಪ್ಪಿಸಲೇಬೇಕಿತ್ತು. ಅಲ್ಲಿಯವರೆಗೆ ಅವನು ನಾಡು ಬಿಟ್ಟು ಹೋಗುವಂತಿಲ್ಲ, ಆಸ್ತಿಯನ್ನು ದೇವರಿಗೆ ಅರ್ಪಿಸುವಂತಿಲ್ಲ, ಉಯಿಲು ಬರೆಯುವಂತೆಯೂ ಇಲ್ಲ. ಸರ್ಕಾರದ ಹಣ ಮುಟ್ಟದೇ ಇದ್ದವನೂ ‘ನಾನು ಪಡೆದಿಲ್ಲ, ಖರ್ಚೂ ಮಾಡಿಲ್ಲ’ ಎಂದು ಬರೆದುಕೊಡಬೇಕಿತ್ತು! ಕೌಟಿಲ್ಯನದೂ ಇದೇ ಜಾಡು. ಬೊಕ್ಕಸದ ಹಣ ನುಂಗಲು 40 ದಾರಿಗಳಿವೆ ಎಂದು ಎಣಿಸಿಟ್ಟ. ಇಲಾಖೆಗೆ ಹಲವು ಮುಖ್ಯಸ್ಥರಿರಲಿ, ಯಾರೂ ಕಾಯಂ ಆಗಿ ಕೂರುವುದು ಬೇಡ ಎಂದ.

ಮುಂದೆ ಬಂದದ್ದು ಪರೀಕ್ಷೆಯ ಕಾಲ. 1854ರಲ್ಲಿ ಬ್ರಿಟನ್ನಿನ ನಾರ್ತ್‌ಕೋಟ್-ಟ್ರೆವೆಲ್ಯನ್ ವರದಿ, ಶಿಫಾರಸಿನ ಬದಲು ಪರೀಕ್ಷೆ ನಡೆಸಿ ನೌಕರಿ ಕೊಡಿ ಎಂದಿತು. ಜಾನ್ ಸ್ಟುವರ್ಟ್ ಮಿಲ್ ಅದನ್ನು ಬೆಂಬಲಿಸಿದ. ತಮಾಷೆ ಏನೆಂದರೆ, 1823ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಲಂಡನ್ ಕಚೇರಿಗೆ ಅವನು ಸೇರಿದ್ದು ಅಪ್ಪನ ಕೈಕೆಳಗೆ. ಅಲ್ಲಿ 35 ವರ್ಷ ದುಡಿದ.

ಪರೀಕ್ಷೆ ಪಾಸಾಗಿ ಬಂದ ಅಧಿಕಾರಿಗೆ ಏನು ಗೌರವ? 1919ರ ಭಾಷಣದಲ್ಲಿ ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೆಬರ್ ಉತ್ತರ ಕೊಟ್ಟ. ಆದೇಶ ತಪ್ಪೆನಿಸಿದರೆ ಆಕ್ಷೇಪ ಹೇಳಬೇಕು. ಆದರೂ ಮೇಲಿನವರು ಪಟ್ಟು ಬಿಡದಿದ್ದರೆ, ಅದು ತನ್ನದೇ ನಂಬಿಕೆ ಎಂಬಷ್ಟು ನಿಷ್ಠೆಯಿಂದ ಜಾರಿ ಮಾಡಬೇಕು. ಇದಿಲ್ಲದಿದ್ದರೆ ಆಡಳಿತ ನಡೆಯುವುದಿಲ್ಲ ಎಂಬುದು ಅವನ ವಾದ. ಓದಲು ಸರಿಯಾಗಿಯೇ ಇದೆ, ಅಲ್ವಾ?

1961ರಲ್ಲಿ ಜೆರುಸಲೇಮಿನ ಕೋರ್ಟಿನಲ್ಲಿ ನಾಜಿ ಅಧಿಕಾರಿ ಅಡಾಲ್ಫ್ ಐಖ್‌ಮನ್ ನಿಂತ. ಲಕ್ಷಾಂತರ ಯಹೂದಿಗಳನ್ನು ಸಾವಿನ ಶಿಬಿರಗಳಿಗೆ ಸಾಗಿಸುವ ವ್ಯವಸ್ಥೆ ನೋಡಿಕೊಂಡಿದ್ದವನು. ಆದೇಶ ಪಾಲಿಸಿದೆ ಎಂದ. ಅಷ್ಟೇ ಅಲ್ಲ, ತಾನು ಕಾಂಟನ ನೀತಿಯಂತೆ ಬದುಕಿದವನು ಎಂದೂ ಹೇಳಿಕೊಂಡ. ನ್ಯಾಯಾಧೀಶರು ಕೆದಕಿದಾಗ ಕಾಂಟನ ಸೂತ್ರವನ್ನು ಹೆಚ್ಚುಕಡಿಮೆ ಸರಿಯಾಗಿಯೇ ಒಪ್ಪಿಸಿದ: ನಾನು ನಡೆಯುವ ನಿಯಮ ಎಲ್ಲರಿಗೂ ಕಾನೂನಾಗುವಂತಿರಬೇಕು. ವಿಚಾರಣೆ ನೋಡಿದ ಚಿಂತಕಿ ಹಾನಾ ಅರೆಂಟ್ ಇದನ್ನು 1963ರಲ್ಲಿ ದಾಖಲಿಸಿದರು. ಅವನು ಕಾಂಟ್‌ನಿಂದ ಕರ್ತವ್ಯವನ್ನು ಮಾತ್ರ ಇಟ್ಟುಕೊಂಡು ಯೋಚನೆಯನ್ನು ಬಿಟ್ಟಿದ್ದ.

ಅದೇ ಕಾಂಟ್ 1795ರಲ್ಲಿ ಇನ್ನೊಂದು ಒರೆಗಲ್ಲು ಕೊಟ್ಟಿದ್ದ. ನನ್ನ ಮಟ್ಟಿಗೆ ಅಧಿಕಾರಿಗಳಿಗೆ ಹೆಚ್ಚು ಉಪಯೋಗವಾಗುವುದು ಅದೇ. ಬೇರೆಯವರ ಹಕ್ಕಿಗೆ ಸಂಬಂಧಿಸಿದ ಕೆಲಸದ ಹಿಂದಿನ ನಿಯಮವನ್ನು ಬಹಿರಂಗವಾಗಿ ಹೇಳಲಾಗದಿದ್ದರೆ ಆ ಕೆಲಸವೇ ತಪ್ಪು. ಟೆಂಡರ್ ಕೊಡುವಾಗ ‘ಇವನು ನನ್ನ ಭಾವಮೈದುನ’ ಎಂದು ಫೈಲಿನಲ್ಲಿ ಕಾರಣ ಬರೆಯಲು ಆಗುತ್ತದೆಯೇ? ನಾಜಿ ಕಚೇರಿಗಳ ಕಾಗದಗಳಲ್ಲೂ ಕೊಲೆ ಎಂಬ ಮಾತು ಅಪರೂಪ. ಹೆಚ್ಚಾಗಿ ‘ಸ್ಥಳಾಂತರ’, ‘ವಿಶೇಷ ಕ್ರಮ’ ಎಂದಿರುತ್ತಿತ್ತು.

ಬ್ರಿಟನ್ನಿನ ನೋಲನ್ ಸಮಿತಿ 1995ರಲ್ಲಿ ಸಾರ್ವಜನಿಕ ಬದುಕಿಗೆ ಹೇಳಿದ 7 ತತ್ವಗಳಲ್ಲಿ ಪಾರದರ್ಶಕತೆಯೂ ಒಂದು. ಆಸ್ತಿ ವಿವರ, ಹಿತಾಸಕ್ತಿ ಘೋಷಣೆ ಎಲ್ಲ ಇದೇ ಜಾಡಿನವು. ಆದೇಶಕ್ಕೆ ತಲೆಯಾಡಿಸದೆ ತಪ್ಪನ್ನು ಹೊರಗೆ ಹೇಳಿದವನ ಪಾಡು ಬೇರೆ. 2003ರ ವಿಶ್ವಸಂಸ್ಥೆಯ ಭ್ರಷ್ಟಾಚಾರ ವಿರೋಧಿ ಒಪ್ಪಂದದ 33ನೇ ವಿಧಿ ಅಂಥವರ ರಕ್ಷಣೆಗೇ ಇದೆ. ಆದರೆ ರಕ್ಷಣೆ ಕೊಡಲೇಬೇಕು ಎಂದು ಅದರಲ್ಲಿಲ್ಲ. ದೇಶಗಳು ಅದನ್ನು ಪರಿಗಣಿಸಬೇಕು ಎಂದಷ್ಟೇ ಇದೆ.